ತಿಗಣೆಯ ಬಗ್ಗೆ ಐನೂರು ಪದ

ಬೇರೆಯವರು ಬರೆದದ್ದರಲ್ಲಿ ಬೇಡದ ಪದಗಳನ್ನು ಹೊಡೆದುಹಾಕುವುದೇ ಪುಂಡರೀಕಾಕ್ಷರು ಇಪ್ಪತ್ತೆಂಟು ವರ್ಷ ಮಾಡಿದ ಕೆಲಸ. ಠಾಣೆ ಶಹರದ ಒಂದು ಮುದ್ರಣಾಲಯದಲ್ಲಿ ಅವರು ಇಂಗ್ಲಿಷ್ ಪ್ರೂಫ್ ರೀಡರ್. ಕಂಪನಿಗಳ ವಾರ್ಷಿಕ ವರದಿ, ಔಷಧದ ಡಬ್ಬಿಯೊಳಗಿನ ಚೀಟಿ, ಕಾಲೇಜಿನ ಮಾಹಿತಿ ಪುಸ್ತಕ, ಎಲ್ಲವೂ ಅವರ ಕಣ್ಣ ಕೆಳಗೆ ಹಾದು ಹೋಗುತ್ತಿದ್ದವು. 2011ರಲ್ಲಿ ಮುದ್ರಣಾಲಯ ಮುಚ್ಚಿತು. ಕೋಪರಿಯ ಮನೆಯಲ್ಲಿ ಎರಡು ತಿಂಗಳು ಕೂತ ಅವರು ಹೆಂಡತಿ ರಮಾಮಣಿಯ ಕಿರಾಣಿ ಚೀಟಿಯಲ್ಲೂ ಕಾಗುಣಿತ ತಿದ್ದಲು ತೊಡಗಿದಾಗ, ಆಕೆ ತನ್ನ ಅಣ್ಣನ ಮಗ ಯತಿನ್‌ಗೆ ಫೋನು ಮಾಡಿದರು. ಯತಿನ್ ಘಣಸೋಲಿಯಲ್ಲಿ ಸಣ್ಣ ಆಫೀಸು ತೆರೆದಿದ್ದ. ಅಂಗಡಿ, ದವಾಖಾನೆ, ಟೈಲ್ಸ್ ವ್ಯಾಪಾರಿಗಳ ವೆಬ್‌ಸೈಟುಗಳಿಗೆ ಅಲ್ಲಿ ಬ್ಲಾಗ್ ಬರೆಯುತ್ತಿದ್ದರು.

ಮೊದಲ ದಿನವೇ ಯತಿನ್ ಒಂದು ಹಾಳೆ ಕೊಟ್ಟ. ವಿಷಯ ತಿಗಣೆ. ಐನೂರು ಪದ. 'ಬೆಸ್ಟ್ ಬೆಡ್‌ಬಗ್ ಟ್ರೀಟ್‌ಮೆಂಟ್ ಇನ್ ಕಲ್ಯಾಣ್' ಎಂಬ ಮಾತು ಅದರಲ್ಲಿ ಹದಿನಾಲ್ಕು ಸಲ ಬರಬೇಕು; ಅದಕ್ಕೆ ಕೀವರ್ಡ್ ಎಂದು ಹೆಸರು.

"ಹದಿನಾಲ್ಕು ಸಲವಾ? ಓದುವವ ಎಂತ ಗ್ರಹಿಸ್ತಾನೆ ಮಾರಾಯ?"

"ಮಾವ, ಪೆಹಲೇ ಗೂಗಲ್ ಓದ್ತದೆ. ಜನ ಬಾದ್ ಮೇ," ಎಂದ ಯತಿನ್. "ಗೂಗಲ್‌ಗೆ ಬೋರ್ ಆಗೋದಿಲ್ಲ."

ಪುಂಡರೀಕಾಕ್ಷರು ಬರೆದರು. ತಮ್ಮ ಜನ್ಮದಲ್ಲಿ ತಿಗಣೆಯ ಬಗ್ಗೆ ಒಂದು ಸಾಲನ್ನೂ ಯೋಚಿಸಿರದ ಅವರು, 'ಇಂದಿನ ವೇಗದ ಜೀವನದಲ್ಲಿ' ಎಂದು ಆರಂಭಿಸಿ ಐನೂರು ಪದ ತುಂಬಿಸಿದರು. ಕೊನೆಗೆ ತಾಳಲಾರದೆ ಆ ಮಾತನ್ನು ಹನ್ನೊಂದು ಕಡೆ ಹೊಡೆದುಹಾಕಿದರು. ಯತಿನ್ ಹನ್ನೊಂದನ್ನೂ ಮತ್ತೆ ಸೇರಿಸಿದ. ವರ್ಷವಿಡೀ ಹೀಗೇ ನಡೆಯಿತು. ಹಲ್ಲಿನ ಲೇಖನವಿರಲಿ, ಮದುವೆ ಮಂಟಪದ್ದಿರಲಿ, ಇವರು ತೆಗೆಯುವುದು, ಅವನು ತುರುಕುವುದು. ಸಂಜೆ ಘಣಸೋಲಿ ಸ್ಟೇಷನ್ನಿನಲ್ಲಿ ಲೋಕಲ್‌ಗೆ ಕಾಯುವಾಗ, ಒಂದೇ ಪ್ರಕಟಣೆಯನ್ನು ಮೂರು ಭಾಷೆಗಳಲ್ಲಿ ಕೇಳಿದರೂ ಅವರಿಗೆ ರೇಗುತ್ತಿತ್ತು.

ಮರುವರ್ಷ ಗೂಗಲ್ ಹುಡುಕಾಟದ ನಿಯಮಗಳು ಬದಲಾದವು. ತುರುಕಿ ಬರೆದ ಪುಟಗಳು ಒಂದೊಂದಾಗಿ ಕೆಳಗಿಳಿದವು. ಮೊದಲ ಪುಟದಲ್ಲಿದ್ದ ತಿಗಣೆಯ ಲೇಖನ ಎಲ್ಲಿಗೆ ಹೋಯಿತೋ ಯಾರಿಗೂ ಸಿಗಲಿಲ್ಲ. ದುಡ್ಡು ಕೊಟ್ಟು ಅದನ್ನು ಬರೆಸಿದ್ದ ಶಿವಪುತ್ರಪ್ಪ ಕಲ್ಯಾಣದಿಂದ ನೇರ ಆಫೀಸಿಗೆ ಬಂದರು. ವಿಜಯಪುರ ಕಡೆಯವರು, ಹದಿನೈದು ವರ್ಷದಿಂದ ಮನೆಮನೆಗೆ ಕೀಟನಾಶಕ ಹೊಡೆಸುವ ವ್ಯವಹಾರ. ಅಲ್ಲಿಯ ತನಕ ಅವರು ತಮ್ಮದೇ ಲೇಖನ ಓದಿರಲಿಲ್ಲ. ಅಂದು ಯತಿನ್‌ನ ಕಂಪ್ಯೂಟರಿನ ಮುಂದೆ ನಿಂತು ಓದಿದರು.

"ಒಂದ ಮಾತು ಎಷ್ಟ ಸಲ ಹೇಳ್ತೀರಿ? ಕುಡದು ಬರದಾರೇನು ಇದನ್ನ? ಯಾರ್ರೀ ಬರದಾವ್ರು?"

ಯತಿನ್ ಮಾವನ ಕಡೆ ನೋಡಿದ. ತಾವು ಹೊಡೆದುಹಾಕಿದ ಪದಗಳಿಗೆ ತಾವೇ ಬೈಸಿಕೊಳ್ಳಬೇಕಾಗಿ ಬಂದದ್ದು ಪುಂಡರೀಕಾಕ್ಷರಿಗೆ ಸಹಿಸಲಾಗಲಿಲ್ಲ.

"ನಾನೇ ಬರೆದದ್ದು," ಎಂದರು. "ಆದರೆ ತಿಗಣೆ ಎಲ್ಲಿ ಕೂತುಕೊಳ್ತದೆ ಅಂತ ಕೂಡ ನಂಗೆ ಗೊತ್ತಿಲ್ಲ. ನಾಳೆ ನಿಮ್ಮ ಒಟ್ಟಿಗೆ ನಾನೂ ಬರ್ತೇನೆ."

"ಬರ್ರಿ. ಹಳೇ ಅಂಗಿ ಹಾಕ್ಕೊಂಡ ಬರ್ರಿ."

ಮರುದಿನ ಅವರು ಹೋದದ್ದು ಡೊಂಬಿವಲಿಯ ಒಂದು ಒಂಟಿಕೋಣೆಯ ಮನೆಗೆ. ಮನೆಯೊಡತಿ ಸತ್ಯಮ್ಮ, ಉಡುಪಿ ಕಡೆಯ ವಿಧವೆ, ಆಫೀಸಿನವರಿಗೆ ಊಟದ ಡಬ್ಬಿ ಮಾಡಿಕೊಟ್ಟು ಬದುಕುವವರು. ಇವರು ಒಳಗೆ ಬಂದ ಕೂಡಲೇ ಬಾಗಿಲಿಗೆ ಚಿಲಕ ಹಾಕಿದರು.

"ಪಕ್ಕದವರಿಗೆ ಗ್ಯಾಸ್ ರಿಪೇರಿಯವರು ಅಂತ ಹೇಳಿದ್ದೇನೆ," ಎಂದು ದನಿ ತಗ್ಗಿಸಿದರು. "ಗೊತ್ತಾದ್ರೆ ನನ್ನ ಡಬ್ಬಿ ಯಾರು ತಗೊಳ್ತಾರೆ? ಕೊಳಕು ಹೆಂಗಸು ಅಂತಾರೆ."

"ಕೊಳಕಿಗೂ ಇದಕ್ಕೂ ಸಂಬಂಧ ಇಲ್ಲವ್ವ," ಎಂದರು ಶಿವಪುತ್ರಪ್ಪ. "ರೈಲಿನ್ಯಾಗ ಬರತಾವ, ಸೂಟ್‌ಕೇಸಿನ್ಯಾಗ ಬರತಾವ. ದೊಡ್ಡ ದೊಡ್ಡವರ ಮನ್ಯಾಗೂ ನಾ ಹೊಡದ ಬಂದೀನಿ."

ಸತ್ಯಮ್ಮ ಗೋಡೆಗೆ ಒರಗಿ ಕೂತರು. ಎರಡು ವರ್ಷದಿಂದ ಮಗಳು ಪ್ರೇಕ್ಷಾಳನ್ನು ಮನೆಗೆ ಕರೆದು ಉಳಿಸಿಕೊಂಡಿರಲಿಲ್ಲವಂತೆ. ಪ್ರೇಕ್ಷಾ ಕಂಪ್ಯೂಟರಿನಲ್ಲಿ ಹುಡುಕಿದಾಗ ಎಲ್ಲರೂ ತಾವೇ ಬೆಸ್ಟ್, ತಮಗೇ ಫೋನು ಮಾಡಿ ಎಂದು ಬರೆದಿದ್ದರೇ ಹೊರತು, ಮಂಚ ಇಟ್ಟುಕೊಳ್ಳಬಹುದೋ ಬಿಸಾಡಬೇಕೋ ಎಂದು ಒಬ್ಬರೂ ಹೇಳಿರಲಿಲ್ಲ.

"ನಮ್ಮ ಅಮ್ಮ ಕೊಟ್ಟ ಬೀಟೆ ಮಂಚ. ಗುಜರಿಯವನಿಗೆ ಕೊಟ್ಟುಬಿಟ್ಟೆ. ಆದ್ರೂ ಹೋಗ್ಲಿಲ್ಲ."

ಶಿವಪುತ್ರಪ್ಪ ಬ್ಯಾಟರಿ ಹಿಡಿದು ತೋರಿಸಿದರು. ತಿಗಣೆ ಇದ್ದದ್ದು ಸ್ವಿಚ್‌ಬೋರ್ಡಿನ ಹಿಂದೆ, ಗೋಡೆಯ ಬಿರುಕಿನಲ್ಲಿ, ಕ್ಯಾಲೆಂಡರಿನ ಬೆನ್ನಿಗೆ. ಮಂಚ ಕೊಡಬೇಕಾಗಿಯೇ ಇರಲಿಲ್ಲ. ಪ್ರೇಕ್ಷಾ ಹುಡುಕಿ ಓದಿದ ಆ ಪುಟಗಳಲ್ಲಿ ತಮ್ಮದೂ ಒಂದು ಇದ್ದಿರಬಹುದೆಂದು ಹೊಳೆದು ಪುಂಡರೀಕಾಕ್ಷರು ಆಕೆಯ ಮುಖ ನೋಡಲಾರದೆ ನೋಟ್‌ಬುಕ್ ತೆರೆದರು.

ಆ ವಾರ ಬರೆದ ಲೇಖನಕ್ಕೆ 'ತಿಗಣೆ ಬಂದರೆ ಮಂಚ ಬಿಸಾಡಬೇಕೆ?' ಎಂಬ ಅರ್ಥದ ಹೆಸರಿಟ್ಟರು. ಎಲ್ಲಿ ಹುಡುಕಬೇಕು, ಬಟ್ಟೆ ಹೇಗೆ ಕುದಿಸಬೇಕು, ಔಷಧ ಹೊಡೆಯುವ ಮೊದಲು ಅಡುಗೆ ಪಾತ್ರೆ ಎಲ್ಲಿಡಬೇಕು, ಎಷ್ಟು ದಿನಕ್ಕೆ ಇನ್ನೊಮ್ಮೆ ಹೊಡೆಸಬೇಕು, ಎಲ್ಲ ಇತ್ತು. ಯತಿನ್ ಹಣೆ ಚಚ್ಚಿಕೊಂಡ. "ಕೀವರ್ಡ್ ಸಿರ್ಫ್ ದೋ ಬಾರ್! ಮಾವ, ಇದು ಬ್ಲಾಗಾ, ಕಾಗದವಾ?" ಶಿವಪುತ್ರಪ್ಪ ಮಾತ್ರ ಒಂದಕ್ಷರ ಬದಲಿಸಬಾರದೆಂದು ಹಟ ಹಿಡಿದರು.

ಒಂದು ತಿಂಗಳು ಆ ಪುಟ ಓದಲು ಯಾರೂ ಬರಲಿಲ್ಲ. ಆಮೇಲೆ ಬರತೊಡಗಿದರು. ಜನ ಹುಡುಕುತ್ತಿದ್ದದ್ದು ಮಂಚದ ಪ್ರಶ್ನೆಯನ್ನೇ. ನಾಸಿಕ್‌ನಿಂದ, ಪುಣೆಯ ಹಾಸ್ಟೆಲಿನಿಂದ, ವಾಶಿಯಿಂದ ಓದುಗರು. ಮಳೆಗಾಲ ಶುರುವಾಗುವಷ್ಟರಲ್ಲಿ ಪುಟ ಮೇಲೆ ಬಂದು ಕೂತಿತು. ಪುಂಡರೀಕಾಕ್ಷರು ಆ ಸಂತೋಷವನ್ನು ಅನುಭವಿಸುವ ಮೊದಲೇ ಶಿವಪುತ್ರಪ್ಪನವರ ಫೋನು ಬಂತು.

"ಓದೋ ಮಂದಿ ಭಾಳ ಆದ್ರು, ಕರಿಯೋರ ಯಾರೂ ಇಲ್ಲ. ಎಲ್ಲಾ ನೀವ ಹೇಳಿಬಿಟ್ರಿ. ಫೋನ್ ಮಾಡಿದಾವ್ರೂ ಪುಕ್ಕಟೆ ಸಲಹಾ ಕೇಳತಾರ. ನಿಮ್ಮ ನಂಬರ್ ಕೊಡ್ತೀನಿ, ನೀವ ಉತ್ತರಾ ಹೇಳ್ರಿ."

ಕೊಟ್ಟೂಬಿಟ್ಟರು. ಪುಂಡರೀಕಾಕ್ಷರ ಫೋನು ಲೋಕಲ್ ರೈಲಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಊಟದ ತಟ್ಟೆಯ ಮುಂದೆ ಬಡಿದುಕೊಂಡಿತು. ಇದು ತಿಗಣೆಯೋ ಜಿರಲೆ ಮರಿಯೋ ಎಂದು ಫೋಟೋ ಕಳಿಸುವವರು ಬೇರೆ. "ಅನ್ನ ಬಡಿಸುವಾಗ ಅದನ್ನು ತೆರೀಬೇಡಿ," ಎಂದು ರಮಾಮಣಿ ತಟ್ಟೆ ಎಳೆದುಕೊಂಡರು. ಅವರು ಗೊಣಗುತ್ತ ಎಲ್ಲರಿಗೂ ಉತ್ತರ ಹೇಳಿದರು. ಹೇಳುವಾಗ ಒಂದು ವಿಷಯ ತಿಳಿಯಿತು: ಫೋನು ಮಾಡುವವರು ಮೊದಲು ಕೇಳುತ್ತಿದ್ದದ್ದು ಔಷಧದ ಬಗ್ಗೆ ಅಲ್ಲ, ನಿಮ್ಮವರು ಯೂನಿಫಾರ್ಮ್ ಇಲ್ಲದೆ ಬರಬಹುದೇ ಎಂದು. ಅದನ್ನೂ ಲೇಖನಕ್ಕೆ ಸೇರಿಸಿದರು: ಕೇಳಿಕೊಂಡರೆ ಸಾದಾ ಬಟ್ಟೆಯಲ್ಲಿ ಬರುತ್ತಾರೆ, ಗಾಡಿ ದೂರ ನಿಲ್ಲಿಸುತ್ತಾರೆ.

ಅಲ್ಲಿಂದ ಶಿವಪುತ್ರಪ್ಪನವರಿಗೆ ಕೆಲಸ ಬರತೊಡಗಿತು. ಸ್ವತಃ ಎರಡು ಸಲ ಪ್ರಯತ್ನಿಸಿ ಸೋತವರೂ ಬಂದರು. ದೀಪಾವಳಿಯ ಹೊತ್ತಿಗೆ ಇನ್ನಿಬ್ಬರನ್ನು ಕೆಲಸಕ್ಕೆ ಇಟ್ಟುಕೊಂಡರು. ಅಷ್ಟರಲ್ಲಿ ಒಂಬತ್ತು ವೆಬ್‌ಸೈಟುಗಳು ಆ ಲೇಖನವನ್ನು ಕದ್ದಿದ್ದವು. ಒಂದು ಕಡೆ 'ಮಂಚ' ಇದ್ದಲ್ಲೆಲ್ಲ 'ಸೋಫಾ' ಹಾಕಿದ್ದರು. ಪುಂಡರೀಕಾಕ್ಷರು ಒಂಬತ್ತು ಮಂದಿಗೂ ಕಾಗದ ಬರೆದರು. ಒಬ್ಬರೂ ಉತ್ತರಿಸಲಿಲ್ಲ.

ಯತಿನ್ ಈಗ ಮಾವನನ್ನು ಎಲ್ಲರಿಗೂ ತೋರಿಸಿ ಹೊಗಳುತ್ತಿದ್ದ. ಒಂದು ಸೋಮವಾರ ನೀರಿನ ಟ್ಯಾಂಕ್ ತೊಳೆಯುವವರ ಹಾಳೆ ತಂದು ಮೇಜಿನ ಮೇಲಿಟ್ಟ.

"ಸೇಮ್ ಸ್ಟೈಲ್, ಮಾವ. ಶುಕ್ರವಾರದೊಳಗೆ ಹತ್ತು ಪೋಸ್ಟ್."

"ಹತ್ತು ಆಗುದಿಲ್ಲ. ಒಂದು ಕೊಡ್ತೇನೆ. ಮೊದಲು ಟ್ಯಾಂಕ್ ನೋಡ್ಬೇಕು."

"ಟ್ಯಾಂಕ್‌ನಲ್ಲಿ ನೋಡೋದು ಕ್ಯಾ ಹೈ?"

"ಗೊತ್ತಿದ್ದಿದ್ರೆ ಹೋಗ್ತಿದ್ನಾ?"

ಯತಿನ್ ತುಂಬ ಹೊತ್ತು ವಾದಿಸಿ ಕೊನೆಗೆ ಟ್ಯಾಂಕ್ ನೋಡಿ ಬರಲು ಮಾವನಿಗೆ ಗುರುವಾರ ರಜೆ ಕೊಟ್ಟ. ಆ ಗುರುವಾರ ಪುಂಡರೀಕಾಕ್ಷರು ಹಳೆಯ ಅಂಗಿ ತೊಟ್ಟು, ಕಲ್ಯಾಣದಲ್ಲಿ ಲಿಫ್ಟ್ ಕೆಟ್ಟಿದ್ದ ಕಟ್ಟಡವೊಂದರ ತಾರಸಿಯ ಟ್ಯಾಂಕಿನ ತನಕ ಏಳು ಮಹಡಿಗಳನ್ನು ಬೈಯುತ್ತಲೇ ಹತ್ತಿದರು.