ಭಟ್ಟಿ ಗಾಳೆಮ್ಮನ ಲೇಸರ್

ಹರಪನಹಳ್ಳಿಯ ಒಂದು ಚರ್ಮದ ಆಸ್ಪತ್ರೆಯಲ್ಲಿ ನಾನು ಕೌನ್ಸೆಲರ್. ಈ ಹುದ್ದೆಯ ಅರ್ಥ ನಮ್ಮಪ್ಪನಿಗೆ ಇನ್ನೂ ಆಗಿಲ್ಲ. ನನಗೂ ಆದದ್ದು ಮೊದಲ ಸಂಬಳ ಬಂದ ಮೇಲೆ. ಡಾಕ್ಟರು ಹೇಳಿದ್ದನ್ನು ಬಂದವರಿಗೆ ತಿಳಿಯುವ ಹಾಗೆ ಇನ್ನೊಮ್ಮೆ ಹೇಳಬೇಕು, ಯಾವ ತಿಂಗಳು ಏನು ಮಾಡುವುದೆಂದು ಗೊತ್ತು ಮಾಡಬೇಕು, 'ಸ್ವಲ್ಪ ಚುರುಗುಡತೈತಿ, ಅಷ್ಟ' ಎಂದು ನಗಬೇಕು. ಬಿಳಿ ಕೋಟು ಹಾಕಿಕೊಂಡಿರುವುದರಿಂದ ಹಳ್ಳಿಯ ಕಡೆಯವರು ಬಂದವರೇ ನನಗೆ ಕೈ ಮುಗಿಯುತ್ತಾರೆ. ಹತ್ತಿರ ಬಂದು ನನ್ನ ಕೆನ್ನೆಯ ಮೇಲಿನ ಮೊಡವೆ ಕುಳಿಗಳನ್ನು ನೋಡಿದ ಮೇಲೆ ಮುಗಿದ ಕೈ ಇಳಿಸುತ್ತಾರೆ.

'ಮೊದ್ಲು ನಿಂದು ರಿಪೇರಿ ಮಾಡಿಸ್ಕೋ ತಮ್ಮಾ' ಎನ್ನದೆ ಎದ್ದು ಹೋದವರು ಕಡಿಮೆ.

ಹೋದ ಮಾಘದಲ್ಲಿ ಒಂದು ಶನಿವಾರ ನನ್ನ ಎದುರಿನ ಕುರ್ಚಿಗೆ ಬಂದು ಕೂತವಳು ನನ್ನ ಸೋದರತ್ತೆ ಗಾಳೆಮ್ಮ. ಊರಲ್ಲಿ ಅವಳನ್ನು ಭಟ್ಟಿ ಗಾಳೆಮ್ಮ ಎನ್ನುತ್ತಾರೆ. ಮಾವ ತೀರಿಕೊಂಡ ಮೇಲೆ ಮಂಡಕ್ಕಿ ಭಟ್ಟಿಯನ್ನು ಒಬ್ಬಳೇ ನಡೆಸಿಕೊಂಡು ಬಂದವಳು. ಕಾದ ಉಸುಕಿನ ಮೇಲೆ ಬಗ್ಗಿ ಅಕ್ಕಿ ಹುರಿದು ಹುರಿದು, ಬಿಸಿಲಲ್ಲಿ ಒಣಹಾಕಿ, ಮತ್ತೆ ಬೆಂಕಿಯ ಮುಂದೆ ಬಂದು, ಐವತ್ತು ಮುಟ್ಟುವ ಮೊದಲೇ ಅವಳ ಮುಖ ಎರೆಹೊಲದ ಬಿರುಕಿನ ಹಾಗೆ ಆಗಿತ್ತು. ಹಣೆಯ ಮೇಲೆ ಮೂರು ಗೆರೆಗಳು, ಕಾಸು ಇಟ್ಟರೆ ನಿಲ್ಲುವಷ್ಟು ಆಳ.

'ಲೇ ಕ್ರಾಂತಿ, ಸುಕ್ಕು ತೆಗಿಯೋ ಮಷೀನ್ ಬಂದೈತಂತಲ್ಲ, ನಂಗೂ ಒಂದ್ ಕೈ ಹೊಡಿಸ್ಲೇ.'

ನಾನು ನಕ್ಕೆ. ಅವಳು ನಗಲಿಲ್ಲ. ಆಗ ತಿಳಿಯಿತು, ಮದುವೆಯ ವಿಷಯ.

ಹಿರೇಹಡಗಲಿಯ ಹುಲುಗಣ್ಣ ಒಂದು ಹೈಸ್ಕೂಲಿನಲ್ಲಿ ಅಟೆಂಡರು. ಹೆಂಡತಿ ತೀರಿಕೊಂಡು ವರ್ಷಗಳಾಗಿವೆ. ತಂಗಿಯ ಅಂಗಡಿಗೆ ಮಂಡಕ್ಕಿ ಒಯ್ಯಲು ಭಟ್ಟಿಗೆ ಬರುತ್ತಿದ್ದ ಮನುಷ್ಯ, ಚೀಲ ತುಂಬಿದ ಮೇಲೂ ಮಾತಾಡುತ್ತ ನಿಲ್ಲತೊಡಗಿದ್ದ. ಕೊನೆಗೆ ನಮ್ಮಪ್ಪ ಪಕ್ಕೀರಪ್ಪನ ಹತ್ತಿರ ಬಂದು ನೇರವಾಗಿ ಕೇಳಿದ. ಅಪ್ಪ ಹೂಂ ಅಂದ. ಅತ್ತೆಯೂ ಅರ್ಧ ಹೂಂ ಅಂದಿದ್ದಳು. ಉಳಿದರ್ಧ ನನ್ನ ಮೇಜಿನ ಮುಂದೆ ಬಂದು ಕೂತಿತ್ತು.

'ಅವ್ರು ನನಗಿಂತ ಎರಡು ವರ್ಷಕ್ಕ ಸಣ್ಣೋರು. ಅದು ಬಿಡು. ಮೊನ್ನಿ ಇಬ್ರೂ ಹಡಗಲಿ ಬಸ್ ಹತ್ತಿದ್ವಿ. ಕಂಡಕ್ಟರ್ ಏನಂದ ಗೊತ್ತೇನ? ನಿಮ್ಮವ್ವನ್ನ ಮುಂದಿನ ಸೀಟಿಗೆ ಕುಂದರ್ಸ್ರಿ ಅಂದ. ಅವ್ರ ತಾಯಿ ದುರುಗಮ್ಮನ್ನ ನೋಡಿಯಲ್ಲ? ಮನಿಯಾಗ ಕುಂತು ಕೌದಿ ಹೊಲಕಂತ ಬೆಳ್ಳಗ ದುಂಡಗ ಅದಾಳ. ನಾವಿಬ್ರೂ ಜೋಡಿ ನಿಂತ್ರ ಯಾರು ಅತ್ತಿ, ಯಾರು ಸೊಸಿ? ಈ ಮಾರಿ ಇಟಗೊಂಡು ನಾ ಚಪ್ಪರದ ಕೆಳಗ ಕುಂದ್ರಂಗಿಲ್ಲ. ಇದು ಆದ್ರ ಮದುವಿ. ಇಲ್ಲಂದ್ರ ಇಲ್ಲ.'

ಅವಳಿಗೆ ಸಮಾಧಾನ ಹೇಳುವ ಬದಲು ನಾನು ಕ್ಯಾಲೆಂಡರ್ ತೆಗೆದೆ. ನನ್ನ ಬುದ್ಧಿ ಅಷ್ಟೇ. ಮದುವೆ ಮೇ ತಿಂಗಳಿಗೆ ಅಂತ ಮಾತಾಗಿತ್ತು.

ನಮ್ಮ ಡಾಕ್ಟರ್ ಶಾಂತಕುಮಾರಿ ಶನಿವಾರಕ್ಕೊಮ್ಮೆ ದಾವಣಗೆರೆಯಿಂದ ಬರುತ್ತಾರೆ. ಅತ್ತೆಯನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಹುಬ್ಬು ಎತ್ತಿಸಿ, ನಗಿಸಿ, ಕಣ್ಣು ಕಿರಿದು ಮಾಡಿಸಿ, ಬಿಳಿ ಪೆನ್ಸಿಲ್ಲಿನಿಂದ ಗೆರೆಗಳ ಗುಂಟ ಗುರುತು ಹಾಕಿದರು. ಸುಮ್ಮನಿದ್ದರೂ ಕಾಣುವ ಗೆರೆ ಯಾವುದು, ಮುಖ ಆಡಿಸಿದಾಗ ಮಾತ್ರ ಬೀಳುವ ಗೆರೆ ಯಾವುದು ಎಂದು ಮೊದಲು ಬೇರೆ ಮಾಡಿಕೊಳ್ಳಬೇಕಂತೆ. ಅತ್ತೆ ಕನ್ನಡಿ ನೋಡಿ, 'ಜಾಗ ಅಳದಂಗ ಅಳದ್ರಲ್ರಿ. ಸೈಟು ಹಾಕಾಕೇನು?' ಅಂದಳು.

ಡಾಕ್ಟರು ನಕ್ಕರು. ಆದರೆ ಮಾತು ಮೆತ್ತಗೆ ಮಾಡಲಿಲ್ಲ.

'ನೋಡಿ ಅಮ್ಮಾ, ಲೇಸರ್ ಅಂದ್ರೆ ಇಸ್ತ್ರಿ ಪೆಟ್ಟಿಗೆ ಅಲ್ಲ. ಮೇಲಿನ ಚರ್ಮಕ್ಕೆ ಸಣ್ಣ ಸಣ್ಣ ಗಾಯ ಮಾಡಿ ಹೊಸದು ಬರೋ ಹಾಗೆ ಮಾಡ್ತೀವಿ. ಇಷ್ಟು ಆಳದ ಸುಕ್ಕು ಒಂದೇ ಸಲಕ್ಕೆ ಹೋಗಲ್ಲ. ಎಷ್ಟೇ ಮಾಡಿದ್ರೂ ಪೂರ್ತಿ ಹೋಗಲ್ಲ, ಕಡಿಮೆ ಆಗುತ್ತೆ. ನಮ್ಮಂಥ ಬಣ್ಣದವರಿಗೆ ಇನ್ನೊಂದು ತೊಂದರೆ, ಗಾಯ ಮಾಯ್ದ ಮೇಲೆ ಕಪ್ಪು ಕೂರಬಹುದು. ಅದಕ್ಕೇ ಮೊದಲು ಕಿವಿ ಹತ್ತಿರ ಸ್ವಲ್ಪ ಜಾಗಕ್ಕೆ ಮಾಡಿ ನೋಡೋಣ. ಕಪ್ಪಾಗಲಿಲ್ಲ ಅಂದ್ರೆ ಮುಂದಿನ ಮಾತು. ತಂಬಾಕು ಹಾಕ್ತೀರಾ?'

'ಇಲ್ರಿ' ಅಂದಳು ಅತ್ತೆ, ತಂಬಾಕಿನ ಡಬ್ಬಿಯನ್ನು ಸೆರಗಿನೊಳಗೆ ಒತ್ತಿಕೊಂಡು.

'ಹಾಕ್ತಾಳ್ರಿ' ಅಂದೆ ನಾನು.

'ನಿನ್ನ ಬಾಯಾಗ ಮಣ್ಣು ಹಾಕ, ನೀ ನಮ್ಮ ಕಡೆಯವ್ನೋ, ಅವ್ರ ಕಡೆಯವ್ನೋ?'

ಹೀಗೆ ಯೋಜನೆ ಸಿದ್ಧವಾಯಿತು. ಮೊದಲು ಕೆಲವು ವಾರ ಬಿಸಿಲಿಗೆ ಹಚ್ಚುವ ಕ್ರೀಮು, ರಾತ್ರಿಗೊಂದು ಕ್ರೀಮು, ತಂಬಾಕು ಬಂದ್. ಆಮೇಲೆ ಕಿವಿಯ ಮುಂದೆ ಪರೀಕ್ಷೆ. ಅದು ಸರಿಹೋದರೆ ಹಣೆ, ನಡುವೆ ಬಿಡುವು ಕೊಟ್ಟು ಕೆನ್ನೆ, ತುಟಿಯ ಮೇಲಿನ ಗೆರೆ ಕೊನೆಗೆ. ಮದುವೆಗೆ ಮುಂಚೆ ಹಣೆಯಷ್ಟಾದರೂ ಆಗಬಹುದು ಎಂದು ನಾನೇ ಅತ್ತೆಗೆ ಆಸೆ ಹುಟ್ಟಿಸಿದೆ. ಡಾಕ್ಟರು 'ಆದರೆ' ಎಂದು ಶುರು ಮಾಡಿದ ವಾಕ್ಯಗಳನ್ನೆಲ್ಲ ನಾನು 'ಆಗುತ್ತೆ' ಎಂದು ಮುಗಿಸುತ್ತಿದ್ದೆ. ಇದನ್ನೇ ನಮ್ಮ ವೃತ್ತಿಯಲ್ಲಿ ಕೌನ್ಸೆಲಿಂಗ್ ಅನ್ನುವುದು.

ಶಿವರಾತ್ರಿ ಆದ ಮೇಲೆ ಪರೀಕ್ಷೆ ಆಯಿತು. ಕಿವಿಯ ಮುಂದೆ ಬೆರಳ ತುದಿಯಷ್ಟು ಜಾಗ ಕೆಂಪಗಾಗಿ, ಸಣ್ಣ ಹಕ್ಕಳೆ ಕಟ್ಟಿತು. 'ನಾವು ಕೊಟ್ಟ ಮುಲಾಮು ಬಿಟ್ಟು ಏನೂ ಹಚ್ಚಬ್ಯಾಡ. ಸೋಪು, ಪೌಡರು, ಏನೂ. ಭಟ್ಟಿ ಕಡೆ ಹೋಗಬ್ಯಾಡ' ಎಂದು ಹೇಳಿದೆ. ಪಾಪ, ಭಟ್ಟಿಗೆ ಆಳು ಇಟ್ಟು ಮನೆಯಲ್ಲಿ ಕೂತಳು.

ಆ ವಾರದಲ್ಲೇ ದುರುಗಮ್ಮ ಒಪ್ಪಿಗೆಯ ಮಾತಿಗೆ ನಾಲ್ಕು ಹೆಂಗಸರನ್ನು ಕರೆದುಕೊಂಡು ಊರಿನ ನಮ್ಮ ಮನೆಗೆ ಬಂದಳು. ಬೇಡ ಅನ್ನಲು ಅತ್ತೆಗೆ ಬಾಯಿ ಬರಲಿಲ್ಲ. ನಮ್ಮ ಮನೆಯಲ್ಲಿ ಬುದ್ಧನ ಫೋಟೋ ಒಂದೇ. ಅಪ್ಪ ಶಾಸ್ತ್ರ ಗೀಸ್ತ್ರ ಎಂದರೆ ಭಾಷಣ ಶುರು ಮಾಡುವ ಮನುಷ್ಯ. ದುರುಗಮ್ಮ ಅದನ್ನೆಲ್ಲ ಕೇಳಿಸಿಕೊಳ್ಳುವವಳಲ್ಲ. ಚಾ ಕುಡಿದು ಲೋಟ ಇಟ್ಟವಳೇ ಅಂಗೈಯಲ್ಲಿ ಅರಿಶಿನ ಕಲಸಿಕೊಂಡು, 'ಬಾರವ್ವ ಇಲ್ಲಿ' ಎಂದು ಅತ್ತೆಯನ್ನು ಎದುರಿಗೆ ಕೂರಿಸಿಕೊಂಡಳು.

ನಾನು ಬಾಗಿಲಲ್ಲಿ ನಿಂತು ಕಿವಿ ಮುಟ್ಟಿಕೊಂಡು ಸನ್ನೆ ಮಾಡಿದೆ. ಕಣ್ಣು ಬಿಟ್ಟೆ. ಕೆಮ್ಮಿದೆ. ಹೆಂಗಸೊಬ್ಬಳು ನನಗೆ ನೀರು ತಂದುಕೊಟ್ಟಳು.

ಅತ್ತೆ ನನ್ನನ್ನು ನೋಡಿದಳು. ಅವಳಿಗೆ ಎಲ್ಲ ನೆನಪಿತ್ತು, ಅದು ಅವಳ ಕಣ್ಣಲ್ಲೇ ಕಾಣುತ್ತಿತ್ತು. ಆಮೇಲೆ ಕಣ್ಣು ಮುಚ್ಚಿ ಮುಖವನ್ನು ಮುಂದಕ್ಕೆ ಕೊಟ್ಟಳು. ಮಾವ ಹೋದಾಗಿನಿಂದ ಎಷ್ಟು ಮದುವೆ, ಎಷ್ಟು ಸೀಮಂತಗಳಲ್ಲಿ ಅರಿಶಿನದ ತಟ್ಟೆ ಅವಳ ಪಕ್ಕದವಳ ತನಕ ಬಂದು, ಅವಳನ್ನು ದಾಟಿ ಮುಂದೆ ಹೋಗಿತ್ತೋ. ಈಗ ಎರಡು ಅಂಗೈ ಅವಳ ಎರಡು ಕೆನ್ನೆಯನ್ನು ಕಿವಿಯ ತನಕ ಸವರಿದವು. ಭಾಷಣ ಮಾಡಬೇಕಿದ್ದ ಅಪ್ಪ, 'ಮಳಿ ಬರ್ತೈತೇನೋ ನೋಡ್ತೀನಿ' ಎಂದು ಹೊರಗೆ ಹೋದ. ಹೊರಗೆ ಕಣ್ಣು ಬಿಡಲಾಗದ ಬಿಸಿಲು.

ಬಂದವರು ಹೋದ ಮೇಲೆ ನಾನು ರೇಗಿದೆ. 'ಏನೂ ಹಚ್ಚಬ್ಯಾಡ ಅಂತ ಹೇಳಿದ್ದಿಲ್ಲೇನು?'

'ಹೇಳಿದ್ದಿ.'

'ಮತ್ತ?'

'ಮತ್ತೇನ್ಲೇ? ಅಕಿ ಕೈ ಹಿಡದು, ಡಾಕ್ಟ್ರು ಬ್ಯಾಡ ಅಂದಾರ ತಗೀರಿ ಅನ್ಬೇಕಿತ್ತೇನು? ಇಷ್ಟು ವರ್ಷ ಈ ಮಾರಿ ಯಾರು ಮುಟ್ಟಿದ್ರು?'

ತೊಳೆದುಕೋ ಅಂದೆ. ಹೂಂ ಅಂದಳು. ಸಂಜೆ ನಾನು ಹರಪನಹಳ್ಳಿಗೆ ಹೊರಡುವ ತನಕ ತೊಳೆದಿರಲಿಲ್ಲ.

ಮುಂದಿನ ಸಲ ಬಂದಾಗ ಕಿವಿಯ ಮುಂದಿನ ಜಾಗ ಕಪ್ಪಾಗಿತ್ತು. ಡಾಕ್ಟರು ಬೆಳಕು ಹಿಡಿದು ನೋಡಿದರು. ಅತ್ತೆ ನಡೆದದ್ದನ್ನು ತಾನೇ ಹೇಳಿದಳು.

'ಅರಿಶಿನ ಉಜ್ಜಿದ್ದಕ್ಕೋ, ಬಿಸಿಲಿಗೋ, ನಿಮ್ಮ ಚರ್ಮದ ಗುಣವೇ ಹಾಗೋ, ಈಗ ಹೇಳಕ್ಕಾಗಲ್ಲ' ಅಂದರು ಡಾಕ್ಟರು. 'ನಿಧಾನಕ್ಕೆ ತಿಳಿಯಾಗುತ್ತೆ, ಹೆದರಬೇಡಿ. ಆದ್ರೆ ಹೀಗಿರುವಾಗ ನಾನು ಮುಖಕ್ಕೆ ಕೈ ಹಾಕಲ್ಲ. ಬೇಸಿಗೆ ಕಳೀಲಿ. ಚಳಿಗಾಲಕ್ಕೆ ಇನ್ನೊಂದು ಪರೀಕ್ಷೆ ಮಾಡಿ ನೋಡೋಣ. ಮುಖ ಆದ ಮೇಲೇ ಮದುವೆ ಅಂತಿದ್ರೆ ಮದುವೆ ಮುಂದಕ್ಕೆ ಹಾಕಿ.'

ಅತ್ತೆ ಕಿವಿಯ ಮುಂದಿನ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡಳು. ಕನ್ನಡಿ ಕೈಯಲ್ಲೇ ಇತ್ತು. ಅದನ್ನು ಮೇಜಿನ ಮೇಲೆ ಮಗುಚಿ ಇಟ್ಟಳು.

'ಮದುವಿ ಮುಂದಕ್ಕ ಹಾಕಂಗಿಲ್ರಿ. ಅರಿಶಿನ ಹಚ್ಚಿಸ್ಕೊಂಡು ಮುಂದಕ್ಕ ಹಾಕಿದ್ರ ಅಕಿ ಏನ್ ತಿಳ್ಕೊಂಬೇಕು? ಲೇಸರ್ ಮುಂದಕ್ಕ ಹಾಕ್ರಿ. ಬಿಡ್ತೀನಿ ಅಂತ ತಿಳಕೋಬ್ಯಾಡ್ರಿ ಮತ್ತ. ಚಳಿಗಾಲಕ್ಕ ಬರಾಕಿನ.'

ಸಿನಿಮಾ ಆಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಮೇ ತಿಂಗಳ ಮದುವೆಯಲ್ಲಿ ಅವಳು ಹೆದರಿದ್ದು ನಡೆದೇ ನಡೆಯಿತು. ಕೂಡ್ಲಿಗಿಯಿಂದ ಕರೆಸಿದ್ದ ಫೋಟೋಗ್ರಾಫರ್ ಗಂಗಾಧರ ಹುಲುಗಣ್ಣನ ಎಡಕ್ಕೆ ನಿಂತಿದ್ದ ಅತ್ತೆಗೆ, 'ಅಮ್ಮಾ, ಸ್ವಲ್ಪ ಈ ಕಡೆ ಬರ್ರಿ, ಮದುಮಗಳು ಜೋಡಿ ನಿಂದ್ರಲಿ' ಅಂದ.

ಅತ್ತೆಯ ತಲೆ ತಗ್ಗಿತು. ಕೆಳಗಿಳಿಯಲೆಂದು ಅವಳು ಒಂದು ಹೆಜ್ಜೆ ಇಟ್ಟದ್ದನ್ನು ನಾನು ನೋಡಿದೆ. ನಾನೇನು ಮಾಡಿದೆ ಎಂದರೆ, ಏನೂ ಮಾಡಲಿಲ್ಲ. ಬಾಯಲ್ಲಿ ಬುಂದಿ ಉಂಡೆ ಇತ್ತು.

ದುರುಗಮ್ಮನೇ ಎದ್ದು ನಿಂತಳು. 'ಏನ್ಲೇ ಗಂಗಾಧರ, ಕ್ಯಾಮೆರಾಕ್ಕ ಹಾಕಿದ ಗಾಜು ನಿನ್ನ ಕಣ್ಣಿಗಿಲ್ಲೇನು? ಹಡದಾಕಿ ನಾನು, ಇಲ್ಲಿ ಅದೀನಿ. ಅಕಿ ನನ್ನ ಸೊಸಿ. ನಾ ನೆಳ್ಳಾಗ ಕುಂತ್ಕೊಂಡು ಉಂಡೀನಿ, ಅಕಿ ಬೆಂಕಿ ಮುಂದ ಕುಂತು ದುಡದಾಳ. ತಗಿ ಫೋಟೋ!'

ಜನ ನಕ್ಕರು. ಅತ್ತೆ ನಗಲಿಲ್ಲ. ಆದರೆ ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡು ಹುಲುಗಣ್ಣನ ಪಕ್ಕ ನಿಂತಳು. ಆ ಫೋಟೋದಲ್ಲಿ ಅವಳ ಹಣೆಯ ಮೂರೂ ಗೆರೆಗಳು ಸ್ಪಷ್ಟವಾಗಿ ಬಿದ್ದಿವೆ. ಕಂಪ್ಯೂಟರಿನಲ್ಲಿ ಅಳಿಸಿಕೊಡುತ್ತೇನೆಂದು ಗಂಗಾಧರ ತಪ್ಪಿನ ಭಾರಕ್ಕೆ ಹೇಳಿದ. 'ಬ್ಯಾಡ. ಡಾಕ್ಟ್ರಿಗೆ ಮೊದ್ಲು ಹೆಂಗಿತ್ತು ಅಂತ ತೋರಿಸಾಕ ಬೇಕು' ಅಂದಳಂತೆ.

ಈಗ ಮತ್ತೆ ಚಳಿ ಶುರುವಾಗಿದೆ. ಕಿವಿಯ ಮುಂದಿನ ಕಪ್ಪು ಬಹಳ ಮಟ್ಟಿಗೆ ತಿಳಿಯಾಗಿದೆ. ಮುಂದಿನ ಶನಿವಾರ ಎರಡನೇ ಪರೀಕ್ಷೆ. ಹುಲುಗಣ್ಣ ಮಾವ ನನ್ನನ್ನು ಆಸ್ಪತ್ರೆಯ ಮೆಟ್ಟಿಲ ಹತ್ತಿರ ಹಿಡಿದು, ಬಹಳ ಗುಟ್ಟಿನ ಹಾಗೆ ಕೇಳಿದ: 'ಅಳಿಯಾ, ಹಣಿಗೆ ಮಾಡಿದ ಮ್ಯಾಲ ಎಷ್ಟು ದಿನ ಬೆಂಕಿ ಮುಂದ ಕುಂದ್ರಬಾರದು?' ಡಾಕ್ಟರನ್ನು ಕೇಳಿ, ಕೆಲವು ವಾರ ಎಂದು ಹೇಳಿದೆ. ಆಳಿನ ಕೈಗೆ ಭಟ್ಟಿ ಬಿಟ್ಟರೆ ಅತ್ತೆಗೆ ನಿದ್ದೆ ಬರುವುದಿಲ್ಲ. ಅದಕ್ಕೆ ಅವನೇ ಕಲಿಯುತ್ತಿದ್ದಾನೆ, ಭಾನುವಾರ ಭಾನುವಾರ.

ನಿನ್ನೆ ಹೋಗಿದ್ದೆ. ಪ್ಯಾಂಟು ಮಡಚಿಕೊಂಡು ಭಟ್ಟಿಯ ಮುಂದೆ ಕೂತಿದ್ದ. ಉಸುಕು ಹೆಚ್ಚು ಕಾದು ಮಂಡಕ್ಕಿ ಕಂದು ಬಣ್ಣಕ್ಕೆ ತಿರುಗಿತ್ತು. ಜರಡಿ ಎತ್ತುವುದರಲ್ಲಿ ಅರ್ಧ ನೆಲಕ್ಕೆ ಚೆಲ್ಲಿತ್ತು. ಅತ್ತೆ ದೂರದಲ್ಲಿ ಬಾಗಿಲ ನೆರಳಿಗೆ ಕುರ್ಚಿ ಹಾಕಿಕೊಂಡು, ಮುಖಕ್ಕೆ ಕ್ರೀಮು ಬಳಿದುಕೊಂಡು ಕೂತು ಒಂದೇ ಸಮ ಕೂಗುತ್ತಿದ್ದಳು:

'ಕೈ ಆಡ್ಸ್ರಿ, ಕೈ! ಅಯ್ಯ, ಬಗ್ಗಬ್ಯಾಡ್ರಿ ಅಷ್ಟು! ಮಾರಿ ಹಿಂದಕ್ಕ ತಗೀರಿ, ಸುಕ್ಕು ಬಿದ್ದಾವು!'