ಬುರ್ಹಾನ್ ದೊಮ್ಲಾರ ನಾಲ್ಕನೆಯ ಗೆರೆ

ಸಮರ್ಕಂದದ ನಮ್ಮ ಗಣಿತ ವಿಭಾಗದಲ್ಲಿ ಬುರ್ಹಾನ್ ನಜೀರೊವ್, ನಮ್ಮೆಲ್ಲರ ಬಾಯಲ್ಲಿ ದೊಮ್ಲಾ, ಅಂದರೆ ಗುರುಗಳು, ಇಪ್ಪತ್ತೆರಡು ವರ್ಷ ಮಾಡಿದ್ದು ಒಂದೇ ಕೆಲಸ, ಎಣಿಕೆ. ಒಂದು ಸಮೀಕರಣದ ಪರಿಹಾರಗಳನ್ನು ಗೆರೆಗಳಾಗಿ ಎಳೆದರೆ, ಅವುಗಳಲ್ಲಿ ಎಷ್ಟು ಒಂದು ಸುತ್ತಿನ ಕಾಲ ಕಳೆದು ಹೊರಟ ಎತ್ತರಕ್ಕೇ ಮರಳುತ್ತವೆ? ಘನದವರೆಗಿನ ಯಾವ ಸಮೀಕರಣಕ್ಕೂ ಮೂರರ ಮೇಲೆ ಇಲ್ಲ ಎಂದು ಎಪ್ಪತ್ತೆಂಟರ ವಸಂತದಲ್ಲಿ ಸಾಧಿಸಿದರು. ಮಾಸ್ಕೋದ ಪತ್ರಿಕೆಯೊಂದು ಅಚ್ಚಿಗೆ ಒಪ್ಪಿತು. ವಿಭಾಗದ ಪರವಾಗಿ "ಪರಿಶೀಲಿಸಿದೆ" ಎಂದು ಸಹಿ ಹಾಕಿದವನು ನಾನು.

ದೊಮ್ಲಾ ಅದನ್ನು ಮಂಡಿಸಿದ ವಿಚಾರಗೋಷ್ಠಿಯಲ್ಲಿ ಸಂಶೋಧನಾ ವಿದ್ಯಾರ್ಥಿನಿ ಮೂನಿಸ ಎದ್ದಳು. "ದೊಮ್ಲಾ, ಘನದ ಗುಣಕ ಕಾಲದ ಜೊತೆ ಏರಿಳೀತಾ ನಡುವೆ ಎಲ್ಲಾದರೂ ಸೊನ್ನೆಗಿಂತ ಕೆಳಗಿಳಿದರೆ?"

"ಮಗಳೇ, ಕ್ಯಾರೆಟ್ ಹೆಚ್ಚೋವ್ರು ಬಾಣಸಿಗನಿಗೆ ಉಪ್ಪಿನ ಪಾಠ ಹೇಳಬಾರದು."

ಎಲ್ಲರಿಗಿಂತ ಜೋರಾಗಿ ನಕ್ಕವನೂ ನಾನೇ. ಅವಳು ಮಡಿಸಿದ ಒಂದು ಹಾಳೆಯನ್ನು ದೊಮ್ಲಾರ ಮೇಜಿನ ಮೇಲಿಟ್ಟು ಕೂತಳು.

ಶುಭಸುದ್ದಿ ಬಂದರೆ ಬೆಳಗಿನ ಜಾವವೇ ಮೊಹಲ್ಲಾದ ಗಂಡಸರಿಗೆಲ್ಲ ಪಲಾವ್ ಬಡಿಸುವುದು ನಮ್ಮಲ್ಲಿ ವಾಡಿಕೆ. ಭಾನುವಾರ ದೊಮ್ಲಾರ ಮನೆಯಲ್ಲಿ ಮುನ್ನೂರು ಜನ ಉಂಡರು. ಬಾಣಸಿಗ ಮುಹಿದ್ದೀನ್ ಅಕ, ಅಂದರೆ ಮುಹಿದ್ದೀನಣ್ಣ, ಕೊಪ್ಪರಿಗೆ ಕೆರೆಯುತ್ತಲೇ ಕೇಳಿದ: "ಇಪ್ಪತ್ತೆರಡು ವರ್ಷಕ್ಕೆ ಮೂರೇ ಗೆರೆಯಾ, ದೊಮ್ಲಾ? ನಮ್ಮ ಬಡಗಿ ಚಹಾ ಆರೋದರೊಳಗೆ ಎಳೀತಾನೆ."

ದೊಮ್ಲಾ ಗಡ್ಡ ಸವರಿಕೊಂಡು, "ನಾಲ್ಕನೇದು ಇಲ್ಲ ಅಂತ ಹೇಳೋದೇ ಕಷ್ಟ, ಅಕ," ಎಂದರು.

ಸೋಮವಾರ ಮೂನಿಸಳ ಆ ಹಾಳೆಯನ್ನು ದೊಮ್ಲಾ ನನ್ನೆದುರೇ ಬಿಡಿಸಿದರು. ಗುಣಕ ಒಂದು ಕಡೆ ಕೆಳಗಿಳಿದಿತ್ತು. ನಾಲ್ಕು ಗೆರೆಗಳು ಹೊರಟಲ್ಲಿಗೇ ಬಂದು ನಿಂತಿದ್ದವು. ದೊಮ್ಲಾ ಮೊದಲ ಪುಟದಲ್ಲೇ ಗುಣಕ ಎಲ್ಲೆಲ್ಲೂ ಧನವೆಂದು ಹಿಡಿದು, ಹಾಗೆ ಹಿಡಿದದ್ದನ್ನೇ ಮರೆತಿದ್ದರು. ಧನವಾಗಿದ್ದರೆ ಮೂರರ ಮೇಲಿಲ್ಲ ಎಂಬುದು ಹಿಂದಿನ ಗಣಿತಜ್ಞರಿಗೆಲ್ಲ ಗೊತ್ತಿದ್ದ ಸಂಗತಿ; ಹೊಸದೇನೂ ಉಳಿಯಲಿಲ್ಲ.

"ಬಿಡಿ ದೊಮ್ಲಾ, ಮೊದಲ ಪುಟ ಯಾರು ಓದ್ತಾರೆ?" ಎಂದೆ.

"ನೀನು ಓದಿದ್ದೆಯಲ್ಲ?"

ನಾನು ಕಿಟಕಿಯಾಚೆ ನೋಡಿದೆ. ಅವರಿಗೆ ಉತ್ತರ ಸಿಕ್ಕಿತು. ಕಿವಿ ಕೆಂಪಾದದ್ದು ಮಾತ್ರ ಅವರದ್ದೇ. ಅಂದೇ ಮಾಸ್ಕೋಗೆ ತಂತಿ ಹೋಯಿತು: ಅಚ್ಚು ಮಾಡಬೇಡಿ.

ಮುಂದಿನ ಗೋಷ್ಠಿಯಲ್ಲಿ ಹಲಗೆಯ ಮೇಲಿನ ಪ್ರಮೇಯ ಒರೆಸಿ, ಸೀಮೆಸುಣ್ಣವನ್ನು ಮೂನಿಸಳಿಗೆ ಕೊಟ್ಟು, ಹಿಂದಿನ ಬೆಂಚಿಗೆ ಹೋಗಿ ಕೂತರು. "ಅವತ್ತು ಆಡಿದ ಮಾತಿಗೆ ನಾಚಿಕೆ ಆಗ್ತಿದೆ, ಮಗಳೇ. ಪಲಾವ್ ವಾಪಸು ತಗೊಳ್ಳೋಕಾಗಲ್ಲ, ಆ ಮಾತನ್ನಾದರೂ ತಗೋತೀನಿ."

ಅವಳು ನಾಲ್ಕು ಗೆರೆ ಎಳೆದಳು. ಯಾರೂ ನಗಲಿಲ್ಲ. ಕೊನೆಗೆ ತಾನು ಬರೆದ ಸಾಧನೆಯ ಹಾಳೆಗಳನ್ನು ನನ್ನ ಕಡೆ ಚಾಚಿ, "ಪರಿಶೀಲಿಸ್ತೀರಾ?" ಎಂದು ಮರ್ಯಾದೆಯಿಂದಲೇ ಕೇಳಿದಳು.

ಎದ್ದು ಹೋಗಿ ಅವನ್ನು ತಗೊಂಡು ಒಂದೊಂದೇ ಸಾಲು ಓದಿದೆ, ಮೊದಲ ಪುಟದಿಂದ.