ಮೊಯ್ದುಟ್ಟಿ ಅಂಗಡಿಯ ಸ್ಟೂಲು

ಕೋಯಿಕ್ಕೋಡಿನ ಮಿಠಾಯಿ ಬೀದಿಯ ಒಳಗಲ್ಲಿಯಲ್ಲಿ ಮೊಯ್ದುಟ್ಟಿಯ ಸೀರೆ ಅಂಗಡಿ. ಇಬ್ಬರು ಎದುರಾದರೆ ಒಬ್ಬರು ಉಸಿರು ಬಿಗಿಹಿಡಿಯಬೇಕು, ಅಷ್ಟು ಅಗಲ. ಅಲ್ಲಿ ಕೂರುವ ಹಕ್ಕು ಗಲ್ಲಾಪೆಟ್ಟಿಗೆಯ ಹಿಂದಿನ ಮೊಯ್ದುಟ್ಟಿಗೆ ಮಾತ್ರ. ಸೀರೆ ತೋರಿಸುವ ವಿಲಾಸಿನಿ ಕೆಲಸಕ್ಕೆ ಸೇರಿದಾಗ ನಿಂತವಳು, ಇನ್ನೂ ಕೂತಿರಲಿಲ್ಲ.

"ಗಿರಾಕಿ ಮುಂದೆ ಕೂತ್ರೆ ಬರ್ಕತ್ತು ಹೋಗುತ್ತೆ, ವ್ಯಾಪಾರ ಏಳ್ಗೆ ಆಗಲ್ಲ" ಅನ್ನುತ್ತಿದ್ದ, ಕುರ್ಚಿಯಲ್ಲಿ ಒರಗಿಕೊಂಡು.

ಆಮೇಲೆ ಸರಕಾರಕ್ಕೆ ಜ್ಞಾನೋದಯವಾಯಿತು. ಅಂಗಡಿ ಕೆಲಸದವರಿಗೆ ಕೂರಲು ಆಸನ ಕೊಡತಕ್ಕದ್ದು ಎಂದು ಕಾನೂನು ಬಂತು. ಮೆತ್ತನೆ ಕುರ್ಚಿಯವರು ಬರೆದದ್ದಲ್ಲವೇ, ಇಂಥ ಬಿಲದಲ್ಲಿ ಅದನ್ನು ಎಲ್ಲಿಡಬೇಕೆಂದು ಮಾತ್ರ ಬರೆಯಲಿಲ್ಲ.

ಮೊಯ್ದುಟ್ಟಿ ಕಾನೂನಿಗೆ ತಲೆಬಾಗುವ ಮನುಷ್ಯ. ಸ್ಟೂಲು ತಂದ.

"ನೋಡು ವಿಲಾಸಿನಿ, ನಿಂಗೋಸ್ಕರ ತೇಗದ್ದೇ ತಂದೀನಿ. ಇದನ್ನ ಹತ್ತಿ ಆ ಮೇಲಿನ ಸೀರೆ ಕಟ್ಟು ಇಳಿಸು."

ಮೊದಲು ಅವನೇ ಕೋಲಿನಿಂದ ಎಳೆದು ಹಾಕುತ್ತಿದ್ದ. ಈಗ ಕೋಲು ಮೂಲೆ ಸೇರಿತು. ಬರೀ ನಿಲ್ಲುತ್ತಿದ್ದವಳಿಗೆ ಕಾನೂನಿನ ದಯೆಯಿಂದ ದಿನವಿಡೀ ಹತ್ತಿಳಿಯುವ ಭಾಗ್ಯ ಬಂತು. ಮಂಡಿ ಕುಂಬಳಕಾಯಿಯಂತೆ ಊದಿತು.

"ಇಕ್ಕಾ, ಅಣ್ಣ ಅಂತ ಕರೆದ ತಪ್ಪಿಗೆ ಓಣಂವರೆಗೆ ನೋಡ್ತೀನಿ. ಕೂರಕ್ಕೆ ಬಿಡ್ಲಿಲ್ಲಾಂದ್ರೆ ಎದುರಿನ ದೊಡ್ಡಂಗಡಿಗೆ ಹೋಗ್ತೀನಿ."

"ಹೋಗು, ಹೋಗು. ಅಲ್ಲಿ ತೊಟ್ಟಿಲು ಕಟ್ಟಿ ತೂಗ್ತಾರೆ!"

ಅಂದನೇನೋ ನಿಜ, ಕಣ್ಣು ಮಾತ್ರ ದೊಡ್ಡಂಗಡಿಯ ಕಡೆಗೇ ಹೊರಳಿತು. ಗಿರಾಕಿಗಳು ಬರುತ್ತಿದ್ದದ್ದು ಅವಳ ಮುಖ ನೋಡಿ. ಇವನ ಮುಖ ನೋಡಿ ಬೀದಿ ಬೆಕ್ಕೂ ಒಳಗೆ ಬರುತ್ತಿರಲಿಲ್ಲ.

ಓಣಂ ಹತ್ತಿರವಾದಾಗ ಕಾರ್ಮಿಕ ಇಲಾಖೆಯ ಸಾಹೇಬರು ತನಿಖೆಗೆ ಬಂದರು.

"ಕೂತ್ಕೋ! ಏಳಬೇಡ!" ಎಂದು ಮೊಯ್ದುಟ್ಟಿ ಸ್ಟೂಲು ತಳ್ಳಿ ವಿಲಾಸಿನಿಗೆ ಪಿಸುಗುಟ್ಟಿದ. ಸಾಹೇಬರು ಗಲ್ಲಾದ ಕುರ್ಚಿ ಹಿಡಿದು ಸುಲೈಮಾನಿ ಚಹಾ ಹೀರತೊಡಗಿದರು. ಅಷ್ಟರಲ್ಲಿ ಮದುವೆ ಜವಳಿಗೆಂದು ಹೆಂಗಸರ ದಂಡೇ ನುಗ್ಗಿತು.

"ವಿಲಾಸಿನಿ ಚೇಚಿ, ಆ ಮೇಲಿನ ಹಸಿರು ಸೀರೆ ತೋರ್ಸಿ."

"ಇಕ್ಕಾ ತೋರಿಸ್ತಾರೆ. ನಾನು ಕಾನೂನಿನ ಮೇಲೆ ಕೂತಿದ್ದೀನಿ."

ಸ್ಟೂಲು ಅವಳ ಕೆಳಗೆ. ಮೊಯ್ದುಟ್ಟಿ ಅವಸರದಲ್ಲಿ ತುದಿಗಾಲಲ್ಲಿ ನಿಂತು ಕೈಯಿಂದಲೇ ಎಳೆದ. ಇಡೀ ಕಟ್ಟು ಅವನ ತಲೆಯ ಮೇಲೆ ಬಿತ್ತು.

"ಅದಲ್ಲ ಇಕ್ಕಾ, ಪಕ್ಕದ್ದು" ಅಂದಳು ತಣ್ಣಗೆ.

ಹೆಂಗಸರು ನಕ್ಕು ನಕ್ಕು, ಬೇಕಾದದ್ದಕ್ಕಿಂತ ಹೆಚ್ಚೇ ಸೀರೆ ಕೊಂಡು ಹೋದರು. ಎಲ್ಲ ಸರಿಯಾಗಿದೆ ಎಂದು ಬರೆದುಕೊಂಡು ಸಾಹೇಬರೂ ಹೊರಟರು.

"ಹೂಂ, ಇನ್ನು ಏಳು. ಬರ್ಕತ್ತು ಹೋಗುತ್ತೆ."

"ಕೂತಾಗ್ಲೇ ಬಂತಲ್ಲ ಇಕ್ಕಾ. ಎದ್ರೆ ಹೋಗಿಬಿಟ್ಟೀತು."

ಅವನು ಬಾಯಿ ತೆರೆಯುವಷ್ಟರಲ್ಲಿ ಮತ್ತೊಬ್ಬಳು ಬಂದು ಮೇಲಿನ ಸೀರೆಯನ್ನೇ ಬೊಟ್ಟು ಮಾಡಿದಳು. ಮೊಯ್ದುಟ್ಟಿ ವಿಲಾಸಿನಿಯನ್ನು ನೋಡಿದ. ಎದುರಿನ ದೊಡ್ಡಂಗಡಿಯನ್ನು ನೋಡಿದ. ಸರಕಾರದ ವಂಶವನ್ನೆಲ್ಲ ಬೈಯುತ್ತ, ಮೂಲೆಯಲ್ಲಿದ್ದ ಕೋಲು ಹುಡುಕತೊಡಗಿದ.